ದಿನಕ್ಕೊಂದು ಬೆರಳು

ನನಗೆ ಬಂದಿದ್ದ ರೋಗ ಈಗ ನಮ್ಮ ದೇಶದಲ್ಲಿ ಇಲ್ಲ. ಸರಕಾರವೇ ಹಾಗೆಂದು ಸಾರಿದೆಯಂತೆ. ಒಳ್ಳೆಯದೇ ಆಯಿತು, ಆದರೆ ಇದರಿಂದ ನನಗೊಂದು ಅನನುಕೂಲವಾಗಿದೆ. ಸಕ್ಕರೆ ಕಾಯಿಲೆಯವರು ಮುಂಜಾನೆಯ ತಿರುಗಾಟದಲ್ಲಿ ಒಬ್ಬರಿಗೊಬ್ಬರು ಸಿಗುತ್ತಾರೆ, ತಮ್ಮ ತಮ್ಮ ಸಕ್ಕರೆ ಎಷ್ಟೆಂದು ಹೇಳಿಕೊಳ್ಳುತ್ತಾರೆ, ಹೆಚ್ಚು ಇದ್ದವನು ಒಳಗೊಳಗೇ ಸ್ವಲ್ಪ ಹೆಮ್ಮೆಪಡುತ್ತಾನೆ. ನನಗೆ ಆ ಭಾಗ್ಯವಿಲ್ಲ. ನನ್ನ ಜೊತೆಗಾರರು ತೀರಿಕೊಂಡರು, ಕಡೆಗೆ ರೋಗವೂ ತೀರಿಕೊಂಡಿತು. ಕಾಲಿನಿಂದ ದಾರದಂಥ ಹುಳು ಹೊರಗೆ ಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತುತ್ತ ತಿಂಗಳುಗಟ್ಟಲೆ ಕೂಡಬೇಕಾಗುತ್ತಿತ್ತು ಎಂದರೆ ಮೊಮ್ಮಕ್ಕಳು ನನ್ನನ್ನು ಕನಿಕರದಿಂದ ನೋಡುತ್ತಾರೆ. ಕನಿಕರ ಕಾಲಿನ ಮೇಲಲ್ಲ, ತಲೆಯ ಮೇಲೆ.

ಆದ್ದರಿಂದ ಇದನ್ನು ನಾರುಹುಣ್ಣಿನವರಿಗಾಗಿ ಬರೆಯುತ್ತಿಲ್ಲ. ಮೈಯಲ್ಲಿ ಬಲ ಇದ್ದೂ ಯಾವುದೋ ಕಾರಣಕ್ಕೆ ಹಾಸಿಗೆ ಹಿಡಿದು, ಗೋಡೆ ನೋಡುತ್ತ, ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಬಲವಿಲ್ಲದವರಿಗೆ ಮಲಗುವುದು ಒಂದು ವಿಶ್ರಾಂತಿ. ಬಲವಿದ್ದವನಿಗೆ ಅದೊಂದು ಕೆಲಸ, ಅದೂ ಬಾರದ ಕೆಲಸ.

ನಲವತ್ತರ ದಶಕದ ಮೊದಲ ವರ್ಷಗಳು. ಎಲ್ಲೋ ದೂರದಲ್ಲಿ ಲಡಾಯಿ ನಡೆದಿತ್ತು. ನಮ್ಮ ಮಟ್ಟಿಗೆ ಅದರ ಮುಖ್ಯ ಪರಿಣಾಮವೆಂದರೆ ಫುಟ್‌ಬಾಲಿನ ಒಳಗಿನ ಬ್ಲಾಡರು ಪೇಟೆಯಲ್ಲಿ ಸಿಗದಂತಾದದ್ದು. ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯುವ ಮನೆತನ ನಮ್ಮದು. ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋಗಿದ್ದ. ಅವ್ವನೇ ಹಿಂಡನ್ನೂ ನನ್ನನ್ನೂ ಸಾಕಿದ್ದಳು. ನಾನು ರಾಯಚೂರಿನ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಹಾಜರಿ ಪುಸ್ತಕದ ಮಾತು. ಮೈಕಟ್ಟು ಚೆನ್ನಾಗಿದ್ದುದರಿಂದ ನನ್ನನ್ನು ಹೆಚ್ಚಾಗಿ ಫುಟ್‌ಬಾಲ್ ಮೈದಾನದಲ್ಲೇ ಇಟ್ಟಿದ್ದರು.

ಇಟ್ಟವರು ನಮ್ಮ ಡ್ರಿಲ್ ಮಾಸ್ತರು ಮಹಬೂಬ ಸಾಹೇಬರು. ಮಾನ್ವಿಯವರು. ನಾವು ಉಸ್ತಾದ್ ಎನ್ನುತ್ತಿದ್ದೆವು. ಐವತ್ತರ ಆಸುಪಾಸಿನ ಭಾರಿ ಆಳು. ಕೊರಳಲ್ಲಿ ಸೀಟಿ, ಬಲಗೈಯಲ್ಲಿ ಸ್ಟಾಪ್‌ವಾಚು, ಎಡಗೈಯಲ್ಲಿ ಕಪ್ಪು ರಟ್ಟಿನ ನೋಟ್‌ಬುಕ್ಕು. ಅವರು ಓಡಿದ್ದನ್ನು ಕಂಡವರು ಮೂರು ತಾಲೂಕಿನಲ್ಲಿ ಯಾರೂ ಇರಲಿಲ್ಲ. ನಿಂತಲ್ಲಿ ನಿಂತು ಲೋಕವನ್ನು ಓಡಿಸುವುದು ಅವರ ಕಸುಬು. ನಾವು ಮಾಡಿದ್ದೆಲ್ಲ ಆ ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ದಾಖಲಾಗುತ್ತಿತ್ತು. ಗಡಿಯಾರ ನೋಡದ ಓಟ ಓಟವೇ ಅಲ್ಲ, ಅದು ಬರೀ ಗಾಬರಿ ಎಂಬುದು ಅವರ ಸಿದ್ಧಾಂತ.

ದಾಖಲಾದ ಪರಾಕ್ರಮಗಳಲ್ಲಿ ಒಂದೆರಡನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನ ನನ್ನ ಪತನದ ಎತ್ತರ ತಿಳಿಯುವುದಿಲ್ಲ. ಜೋಳದ ಚೀಲ ಬೆನ್ನ ಮೇಲೆ ಹೊತ್ತು ಕೋಟೆಯ ಗುಡ್ಡವನ್ನು ನಿಲ್ಲದೆ ಹತ್ತಿದವನು ನಮ್ಮ ತಂಡದಲ್ಲಿ ನಾನೊಬ್ಬನೇ. ಸ್ಟೇಷನ್ನಿನಿಂದ ತೀನ್ ಕಂದೀಲ್ ಚೌಕದವರೆಗೆ ಟಾಂಗಾದ ಜೊತೆ ಓಡಿ ಗೆದ್ದವನೂ ನಾನೇ. ಟಾಂಗಾದವನು ತನ್ನ ಕುದುರೆಗೆ ಅಂದು ಮೈ ಸರಿಯಿರಲಿಲ್ಲ ಎಂದು ಬಹಳ ದಿನ ಹೇಳಿಕೊಂಡು ತಿರುಗಿದ; ಕುದುರೆ ಏನೂ ಹೇಳಲಿಲ್ಲ. ಊರಲ್ಲಿ ಟಗರನ್ನು ಹೆಗಲ ಮೇಲೆ ಹಾಕಿಕೊಂಡು ಹಳ್ಳ ದಾಟಿದ ಕಾಲುಗಳಿಗೆ ಇದೆಲ್ಲ ಅಂಥ ದೊಡ್ಡ ಮಾತಲ್ಲ. ಆದರೆ ಬರೆದಿಟ್ಟರೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ.

ಒಂದು ಬೇಸಿಗೆ ರಜೆಯಲ್ಲಿ ಉಸ್ತಾದರು ತಂಡವನ್ನೆಲ್ಲ ಮಾನ್ವಿಗೆ ಕರೆದೊಯ್ದರು. ಅವರ ಬೀಗರ ಹೊಲದಲ್ಲಿ ಒಂದು ಮೆಟ್ಟಿಲು ಬಾವಿ ಇತ್ತು. ಮೂವತ್ತೆಂಟು ಮೆಟ್ಟಿಲು, ಒಂದೊಂದೂ ಮೊಳಕಾಲೆತ್ತರ. ಎರಡೂ ಹೆಗಲ ಮೇಲೆ ಕೊಡ ಇಟ್ಟುಕೊಂಡು ಇಳಿಯುವುದು, ತುಂಬಿಕೊಂಡು ಓಡುತ್ತ ಹತ್ತುವುದು. ಮೇಲೆ ಉಸ್ತಾದರು ಬೇವಿನ ನೆರಳಲ್ಲಿ ಗಡಿಯಾರದೊಂದಿಗೆ ನಿಂತಿರುತ್ತಿದ್ದರು. ಎರಡನೆಯ ದಿನವೇ ಒಂದು ಸಮಸ್ಯೆ ಎದ್ದಿತು. ನಮ್ಮ ಗೋಲ್‌ಕೀಪರ್ ಅರ್ಧ ಇಳಿದು, ನಡುವಿನ ಕಟ್ಟೆಯಲ್ಲಿ ಮೊದಲೇ ತುಂಬಿಟ್ಟಿದ್ದ ಕೊಡ ಎತ್ತಿಕೊಂಡು ಬಂದು ಒಳ್ಳೊಳ್ಳೆಯ ಟೈಮು ಬರೆಸಿಕೊಳ್ಳುತ್ತಿದ್ದ. ಮೇಲಿನಿಂದ ತಳ ಕಾಣುತ್ತಿರಲಿಲ್ಲ. ಉಸ್ತಾದರು ಅರ್ಧ ದಿನ ಚಿಂತಿಸಿ ಒಂದು ಕಾಯಿದೆ ಮಾಡಿದರು: ತಳಕ್ಕೆ ಹೋದವನು ಬಾಯಿ ತುಂಬ ನೀರು ತುಂಬಿಕೊಂಡು, ಮೂಗಿನಿಂದ ಉಸಿರಾಡುತ್ತ ಹತ್ತಿ ಬಂದು, ಅವರ ಎದುರಿಗೆ ಬಾಯಿ ತೆರೆದು ತೋರಿಸಿ, ನುಂಗಬೇಕು.

"ತೋರಿಸು. ಹಾಂ. ನುಂಗು," ಎನ್ನುವರು. ನುಂಗಿದ ಮೇಲೆಯೇ ಪೆನ್ಸಿಲ್ಲು ಓಡುತ್ತಿತ್ತು.

ಒಂದೇ ಮುಂಜಾನೆ ಇಪ್ಪತ್ತೊಂದು ಸಲ ಇಳಿದು ಹತ್ತಿ ನುಂಗಿದವನು ನಾನು. ಅದನ್ನು ಆ ತಂಡದಲ್ಲಿ ಯಾರೂ ಮುರಿಯಲಿಲ್ಲ. ನನ್ನ ಅವ್ವ ಮನೆಯಲ್ಲಿ ಸೆರಗನ್ನು ಎರಡು ಪದರು ಮಾಡಿ ಸೋಸದೆ ಒಂದು ಹನಿ ನೀರನ್ನೂ ಕೊಡದ ಹೆಂಗಸು. ಆದರೆ ಅವ್ವನ ಸೆರಗಿಗೆ ಸ್ಟಾಪ್‌ವಾಚು ಇರಲಿಲ್ಲ.

ಆ ವರ್ಷ ನಾವು ಆಡಿದ್ದೆಲ್ಲ ಗೆದ್ದೆವು. ನನಗೆ ಗೊತ್ತಿಲ್ಲದಂತೆ ನನ್ನ ಕಾಲಿನೊಳಗೆ ಇನ್ನೊಬ್ಬ ಆಟಗಾರನೂ ತಾಲೀಮು ಮಾಡುತ್ತಿದ್ದ. ನನ್ನೊಡನೆ ಕ್ಲಾಸಿಗೆ ಬಂದ, ಪರೀಕ್ಷೆಗೆ ಕುಳಿತ, ಪೂರಾ ಒಂದು ವರ್ಷ ತಕರಾರಿಲ್ಲದೆ ಕಾದ. ಆ ಸಂಯಮದ ಅರ್ಧ ನನಗಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಊರಿಗೆ ಬಂದಿದ್ದೆ. ಇಪ್ಪತ್ತು ದಿನಕ್ಕೆ ರಾಯಚೂರಿನಲ್ಲಿ ದೊಡ್ಡ ಪಂದ್ಯವಿತ್ತು. ಹೈದರಾಬಾದಿನಿಂದ ಒಂದು ತಂಡ ಬರುವುದಿತ್ತು. ಬಲಗಾಲ ಹರಡಿನ ಮೇಲೆ, ಪಾದದ ಕೀಲಿನ ಹತ್ತಿರ, ಒಂದು ಬೊಬ್ಬೆ ಎದ್ದಿತು. ಉರಿ ಎಂದರೆ ಉರಿ. ತಣ್ಣೀರು ಹೊಯ್ದರೆ ಹಾಯೆನಿಸಿತು. ಹೊಯ್ದಾಗ ಬೊಬ್ಬೆ ಒಡೆದು ಬಿಳಿ ದಾರದ ತುದಿಯೊಂದು ಹೊರಗೆ ಇಣುಕಿತು. ಅವ್ವ ಅದನ್ನು ನೋಡಿದಳು, ಹೋಗಿ ತಾಯಮ್ಮನನ್ನು ಕರೆದುಕೊಂಡು ಬಂದಳು.

ತಾಯಮ್ಮ ನಮ್ಮ ಭಾಗದಲ್ಲಿ ನಾರುಹುಳ ಸುತ್ತುವ ಮುದುಕಿ. ಜೋಳದ ದಂಟಿನ ಒಂದು ಸಿಬಿರು, ಒಂದು ಚೂರು ಬಟ್ಟೆ, ಒಂದು ತಂಬಿಗೆ ನೀರು, ಇಷ್ಟೇ ಅವಳ ಸಾಮಾನು. ನೀರು ಹೊಯ್ಯುತ್ತಾಳೆ, ಹುಳು ಸ್ವಲ್ಪ ಸಡಿಲ ಬಿಡುತ್ತದೆ, ಸಡಿಲಾದಷ್ಟನ್ನು ಸಿಬಿರಿಗೆ ಸುತ್ತುತ್ತಾಳೆ, ಬಿಗಿಯಾದ ಕೂಡಲೇ ನಿಲ್ಲಿಸಿ ಸಿಬಿರನ್ನು ಕಾಲಿಗೆ ಕಟ್ಟಿ ಎದ್ದು ಹೋಗುತ್ತಾಳೆ. ಸುತ್ತುವಾಗ ಕಾಲಿನ ಕಡೆ ನೋಡುವುದೂ ಕಡಿಮೆ. ಯಾರ ಮನೆಯ ಸೊಸೆ ಹೇಗೆ, ಯಾರ ಎಮ್ಮೆ ಎಷ್ಟು ಕರೆಯಿತು, ಅದೇ ಮಾತು. ಮೊದಲ ದಿನ ಬಂದದ್ದು ಒಂದು ಬೆರಳಿನಷ್ಟು. ಎರಡನೆಯ ದಿನವೂ ಒಂದು ಬೆರಳು.

ನಾನು ಒಟ್ಟು ಎಷ್ಟುದ್ದ ಇರುತ್ತದೆ ಎಂದು ಕೇಳಿದೆ.

"ಒಂದು ಮೊಳ ಇರ್ತದ, ಒಂದೂವರಿ ಇರ್ತದ. ಅದು ಬರೋದದ, ಬರ್ತದ. ನೀ ಕರೀಬ್ಯಾಡ," ಎಂದಳು ತಾಯಮ್ಮ.

ನಾನು ಮನಸ್ಸಿನಲ್ಲಿ ಭಾಗಾಕಾರ ಮಾಡಿದೆ. ಪಂದ್ಯದ ದಿನ ಮುಗಿದು ಇನ್ನೂ ಎರಡು ವಾರವಾದರೂ ಹುಳು ನನ್ನೊಳಗೆ ಇರುತ್ತದೆ ಎಂದು ಉತ್ತರ ಬಂತು. ಎಷ್ಟು ಸಲ ಮಾಡಿದರೂ ಅದೇ ಉತ್ತರ.

ಆರನೆಯ ದಿನ ಉಸ್ತಾದರು ಮೋಟಾರಿನಲ್ಲಿ ಬಂದು ನನ್ನನ್ನು ನೋಡಿಹೋದರು. ತಂಡದಲ್ಲಿ ಇನ್ನೂ ಮೂವರಿಗೆ ಹೀಗೇ ಆಗಿದೆ, ಎಲ್ಲರೂ ಮಲಗಿದ್ದಾರೆ ಎಂದರು. ಟೇಪು ತೆಗೆದು ಸಿಬಿರಿಗೆ ಸುತ್ತಿದ್ದನ್ನು ಅಂದಾಜು ಅಳೆದು, ಮುಖ ಸಣ್ಣದು ಮಾಡಿಕೊಂಡು ಬರೆದುಕೊಂಡರು. ಪಂದ್ಯದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋಗುವಾಗ ಅವ್ವ ಅವರ ಎದುರಿಗೇ ನನ್ನಿಂದ ಬೀರದೇವರ ಆಣೆ ಹಾಕಿಸಿದಳು, ಹುಳದ ಮೇಲೆ ಕೈ ಇಡುವುದಿಲ್ಲ ಎಂದು.

ಎಂಟನೆಯ ದಿನ ಅವ್ವ ದೇವದುರ್ಗದ ಸಂತೆಗೆ ಹೋದಳು. ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದೆ. ಆಮೇಲೆ ಆದದ್ದನ್ನು ಹೇಗೆ ಬರೆದರೂ ಬುದ್ಧಿವಂತಿಕೆಯಾಗಿ ಕಾಣುವುದಿಲ್ಲ. ಒಂದು ಚೀಲ ಜೋಳ ಹೊತ್ತವನಿಗೆ ಒಂದು ದಾರ ಎಳೆಯಲು ಬಾರದೇ ಎಂಬ ವಿಚಾರ ಬಂತು. ತಂಬಿಗೆ ನೀರು ಹೊಯ್ದೆ, ತಾಲೀಮಿನಲ್ಲಿ ಕಲಿತಂತೆ ಉಸಿರು ಬಿಗಿಹಿಡಿದೆ, ಸಿಬಿರನ್ನು ಬಿಡಿಸಿ ಒಂದೇ ಸಮ ಎಳೆದೆ. ಮೂರು ಬೆರಳು ಬಂತು. ನಾಲ್ಕನೆಯ ಬೆರಳಿಗೆ ಅದು ಹರಿಯಿತು. ಉಳಿದ ತುದಿ ಬಸವನ ಹುಳು ಕೊಂಬು ಎಳೆದುಕೊಂಡಂತೆ ಒಳಗೆ ಹೋಗಿಬಿಟ್ಟಿತು. ಕೈಯಲ್ಲಿ ಸಿಬಿರು ಉಳಿಯಿತು.

ಸಂಜೆಯ ಹೊತ್ತಿಗೆ ಪಾದ ಕುಂಬಳಕಾಯಿಯಾಗಿತ್ತು. ಸಂತೆಯಿಂದ ಬಂದ ಅವ್ವ ಚೀಲ ಇಳಿಸದೆ ಯಾರು ಎಳೆದರು ಎಂದು ಕೇಳಿದಳು. ನಾನು, ದೇವರ ಆಣೆ ತಿಂದು ಎರಡೇ ದಿನ ಆದವನು, ಉಸ್ತಾದರು ಮತ್ತೆ ಬಂದಿದ್ದರು, ಅವರು ಎಳೆದರು ಎಂದೆ. ನಾಲಿಗೆಗೆ ಅಷ್ಟು ವೇಗವಿದೆ ಎಂದು ಅಂದೇ ಗೊತ್ತಾದದ್ದು. ತಾಯಮ್ಮ ಬಂದು ಸಿಬಿರನ್ನು ನೋಡಿದಳು. ಆಮೇಲೆ ನನ್ನ ಕೈಗಳನ್ನು ನೋಡಿದಳು.

"ಬಲ ಇದ್ದೋರಿಗಿ ಈ ಬ್ಯಾನಿ ಬರಬಾರದು ನೋಡವ್ವ," ಎಂದು ಅವ್ವನಿಗೆ ಹೇಳಿ, ತನ್ನ ತಂಬಿಗೆ ಎತ್ತಿಕೊಂಡು ಹೋದಳು.

ಮರುದಿನ ಬಂಡಿಯಲ್ಲಿ ದೇವದುರ್ಗ, ಅಲ್ಲಿಂದ ಗಬ್ಬೂರಿನ ದಾರಿಯಲ್ಲಿ ಮೋಟಾರು, ಅಲ್ಲಿಂದ ರಾಯಚೂರಿನ ದವಾಖಾನೆ. ಕೋಟೆಗುಡ್ಡಕ್ಕೆ ಚೀಲ ಹೊತ್ತವನನ್ನು ಇಬ್ಬರು ಹೊತ್ತುಕೊಂಡು ಒಳಗೆ ಹೋದರು. ವರಾಂಡದಲ್ಲಿ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ಗೌರವದಿಂದ ಜಾಗ ಬಿಟ್ಟರು. ದವಾಖಾನೆಯ ವರಾಂಡದಲ್ಲಿ ಜನ ತಾವಾಗಿಯೇ ಜಾಗ ಬಿಟ್ಟರೆ ಅದು ಒಳ್ಳೆಯ ಲಕ್ಷಣವಲ್ಲ.

ನನ್ನ ಪಕ್ಕದ ಮಂಚದಲ್ಲಿ ಮಲ್ಲಟದ ರೈತನೊಬ್ಬ ಮುಂಗೈಗೆ ಸಿಬಿರು ಕಟ್ಟಿಕೊಂಡು ಕುಳಿತಿದ್ದ. ಕಂಡಕೂಡಲೇ ವಿಚಾರಣೆಗೆ ಇಳಿದ.

"ಎಷ್ಟನೇದೋ ತಮ್ಮಾ?"

"ಮೊದಲನೇದು."

"ಹೊಸಬ ಅದಿ. ನಂದು ಇದು ಐದನೇದು," ಎಂದು ಕಾಲು, ತೊಡೆ, ಭುಜಗಳಲ್ಲಿದ್ದ ಹಳೆಯ ಕಲೆಗಳನ್ನು ಸನ್ಮಾನದ ಪದಕಗಳಂತೆ ತೋರಿಸಿದ. "ಹರಕೊಂಡಿ ಏನು?"

"ಹರೀತು."

"ಹರೀತು ಅನ್ನಬ್ಯಾಡ ತಮ್ಮಾ. ಅದು ತಾನ ಹರಿಯಂಗಿಲ್ಲ," ಎಂದು ಗೋಡೆಯ ಕಡೆ ತಿರುಗಿದ. ಅವನಿಗೆ ನನ್ನ ಹೆಸರೂ ಗೊತ್ತಿರಲಿಲ್ಲ, ಆದರೆ ನನ್ನ ಪೂರಾ ಚರಿತ್ರೆ ಗೊತ್ತಿತ್ತು. ಹೇಳಿದರೆ ನಂಬುವುದಿಲ್ಲ, ಆ ಒಂದು ಮಾತಿನಿಂದ ನನಗೆ ಸ್ವಲ್ಪ ಸಮಾಧಾನವೇ ಆಯಿತು. ನನ್ನಂಥ ಮೂರ್ಖರು ಮೊದಲೂ ಇದ್ದರು ಎಂದು ತಿಳಿಯುವುದು ರೋಗಿಗೆ ಸಣ್ಣ ಔಷಧವಲ್ಲ.

ಡಾಕ್ಟರ್ ಸಾಹೇಬರು ಮಿತಭಾಷಿ. ಕಾಲು ಕೊಯ್ದು ಕೀವು ತೆಗೆದರು. ಕೆಂಪು ಅಷ್ಟರಲ್ಲಿ ಹರಡು ದಾಟಿ ಮೇಲೆ ಹೊರಟಿತ್ತು. ಅವರು ನೀಲಿ ಪೆನ್ಸಿಲ್ಲಿನಿಂದ ನನ್ನ ಕಾಲಿನ ಮೇಲೆ ಮೂರು ಗೆರೆ ಎಳೆದರು: ಒಂದು ಮೀನಖಂಡದ ಕೆಳಗೆ, ಒಂದು ನಡುವೆ, ಒಂದು ಮೊಳಕಾಲಿಗಿಂತ ಮೂರು ಬೆರಳು ಕೆಳಗೆ. ಕೆಂಪು ಮೂರನೆಯ ಗೆರೆ ಮುಟ್ಟಿದರೆ ಕಾಲು ತೆಗೆಯಬೇಕಾಗುತ್ತದೆ, ಇಲ್ಲದಿದ್ದರೆ ಜೀವಕ್ಕೆ ಬರುತ್ತದೆ ಎಂದು ಅವ್ವನಿಗೆ ಹೇಳಿದರು. ಶನಿವಾರದ ಮುಂಜಾನೆಯವರೆಗೆ ನೋಡೋಣ ಎಂದರು. ಅಂದು ಮಂಗಳವಾರ.

ನಾನು ಆ ಮೂರು ಗೆರೆಗಳನ್ನು ನೋಡಿದೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು ಕಂಡಿದ್ದೆ; ನಾನೇ ಮೈದಾನವಾಗಿರಲಿಲ್ಲ.

ಆ ಹೊತ್ತಿಗೆ ಸುದ್ದಿ ತಿಳಿದು ಉಸ್ತಾದರು ಮಾನ್ವಿಯಿಂದ ಬಂದು ಮಂಚದ ಕಾಲ ಬಳಿ ನಿಂತಿದ್ದರು. ಡಾಕ್ಟರು ಹೊರಡುವ ಮುಂಚೆ ಇದು ನೀರಿನಿಂದ ಬರುವ ರೋಗ, ಹೋದ ವರ್ಷ ಈ ದಿನಗಳಲ್ಲಿ ಯಾವ ಬಾವಿಯ ನೀರು ಕುಡಿದೆ ಎಂದು ನನ್ನನ್ನು ಕೇಳಿದರು. ಮನೆಯಲ್ಲಿ ಸೋಸಿ ಕುಡಿಯುತ್ತೇವೆ ಎಂದಳು ಅವ್ವ. ಉಸ್ತಾದರು ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ನನ್ನಂತೆ ಇನ್ನೂ ಮೂವರು ಮಲಗಿದ್ದಾರೆಂಬುದು, ಬಾವಿ, ಬಾಯಿ ತುಂಬ ನೀರು, ಇಪ್ಪತ್ತೊಂದು ಎಂಬ ಅಂಕಿ, ಇಷ್ಟೂ ಅವರ ಮುಖದ ಮೇಲೆ ಒಂದೊಂದಾಗಿ ಬಂದು ಕುಳಿತದ್ದನ್ನು ನಾನು ನೋಡಿದೆ.

ಡಾಕ್ಟರು ಹೋದರು. ಅವ್ವ ಎದ್ದು ಉಸ್ತಾದರ ಎದುರಿಗೆ ನಿಂತಳು. ಅವರ ಎದೆಗೂ ಬಾರದ ಹೆಂಗಸು.

"ಮಾಸ್ತರ, ಓದು ಕಲಸ್ರಿ ಅಂತ ನನ ಮಗನ್ನ ನಿಮ ಕೈಯಾಗ ಕೊಟ್ಟಿದ್ದೆ. ಕಾಲು ಕೀಳ್ರಿ ಅಂದಿದ್ದಿಲ್ಲ. ಯಾಕ ಎಳದ್ರಿ ಅದನ್ನ?"

ಉಸ್ತಾದರಿಗೆ ಇದು ಹೊಸ ಸುದ್ದಿ. ಅವರು ನನ್ನ ಕಡೆ ನೋಡಿದರು. ನಾನು ಮೂರನೆಯ ಗೆರೆಯನ್ನು ನೋಡುತ್ತಿದ್ದೆ.

"ತಪ್ಪಾತು ಯವ್ವಾ," ಎಂದರು ಉಸ್ತಾದರು.

ಅವ್ವ ಇನ್ನೂ ಬಹಳ ಅಂದಳು. ಅವರು ಡ್ರಿಲ್ಲಿಗೆ ನಿಂತವರಂತೆ ಕೈ ಇಳಿಬಿಟ್ಟು ನಿಂತು ಪೂರಾ ಕೇಳಿಸಿಕೊಂಡರು. ಆಮೇಲೆ ಹೊರಗೆ ಹೋದರು. ಬುಧವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. ಬೈಗುಳ ತಡೆಯದೆ ಮನುಷ್ಯ ಊರಿಗೆ ಹೋಗಿರಬೇಕೆಂದು ನಾನು ತಿಳಿದೆ. ನಾಚಿಕೆಯ ಸಂಗಡ ಸ್ವಲ್ಪ ನಿರಾಳವೂ ಆಯಿತು. ಸುಳ್ಳಿಗೆ ಸಾಕ್ಷಿ ಎದುರಿಗಿಲ್ಲದಿದ್ದರೆ ಜ್ವರ ಹಗುರ.

ಕೆಂಪು ಬುಧವಾರ ಮೊದಲ ಗೆರೆ ದಾಟಿತು. ಗುರುವಾರ ಎರಡನೆಯದು. ಇಂಥ ಸರಾಗವಾದ ಮುನ್ನಡೆಯನ್ನು ನಾನು ಯಾವ ತಂಡದ ಮುಂಪಡೆಯವರಲ್ಲೂ ಕಂಡಿರಲಿಲ್ಲ. ಮಲ್ಲಟದವನು ಮುಂಜಾನೆ ಮುಖ ತೊಳೆಯುವ ಮುಂಚೆ ನನ್ನ ಹೊದಿಕೆ ಸರಿಸಿ ನೋಡುತ್ತಿದ್ದ, ನಾಲಿಗೆ ಲೊಚಗುಟ್ಟುತ್ತಿದ್ದ, ಹೋಗಿ ವಾರ್ಡಿಗೆಲ್ಲ ವರದಿ ಕೊಡುತ್ತಿದ್ದ. ಅವ್ವ ಕಾಲಿನ ಕಡೆ ನೋಡುತ್ತಿರಲಿಲ್ಲ. ನನ್ನ ಎಡಗಾಲನ್ನು, ಏನೂ ಆಗದ ಆ ಕಾಲನ್ನು, ತೊಡೆಯ ಮೇಲೆ ಇಟ್ಟುಕೊಂಡು ಒತ್ತುತ್ತ ಕೂಡುತ್ತಿದ್ದಳು. ಹಿಂಡು ಯಾರ ಕೈಯಲ್ಲಿದೆ ಎಂದು ಕೇಳಿದರೆ, ಇದೆ ಎನ್ನುತ್ತಿದ್ದಳು, ಅಷ್ಟೇ. ಒಂಟಿ ಕಾಲಿನವನು ಕುರಿ ಕಾಯಲಾರ, ಚೆಂಡು ಒದೆಯಲಾರ. ಉಳಿಯುವುದು ಓದು ಒಂದೇ. ಆ ಯೋಚನೆ ಬಂದಾಗಲೇ ನನಗೆ ನಿಜವಾದ ಹೆದರಿಕೆ ಆದದ್ದು.

ಶುಕ್ರವಾರ ಮಧ್ಯಾಹ್ನ ಕೆಂಪಿಗೂ ಮೂರನೆಯ ಗೆರೆಗೂ ನಡುವೆ ಎರಡು ಬೆರಳು ಉಳಿದಿತ್ತು. ಆಗ ವಾರ್ಡಿನ ಬಾಗಿಲಲ್ಲಿ ಉಸ್ತಾದರು ಕಂಡರು. ಅಂಗಿ ಬೆವರಿನಲ್ಲಿ ತೊಯ್ದು ಒಣಗಿ ಮತ್ತೆ ತೊಯ್ದಿತ್ತು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ನೇರ ಡಾಕ್ಟರ ಕೋಣೆಗೆ ಹೋಗಿ ಮೇಜಿನ ಮೇಲೆ ಒಂದು ಸಣ್ಣ ಬಾಟಲಿ ಇಟ್ಟರು.

ಅದು ಸಲ್ಫಾ ಮಾತ್ರೆ. ಮಂಗಳವಾರ ಹೊರಗೆ ಹೋದವರು ಡಾಕ್ಟರನ್ನು ಹಿಡಿದು, ಈ ಕಾಲಿಗೆ ಲೋಕದಲ್ಲಿ ಏನಾದರೂ ಇದೆಯೇ ಎಂದು ಕೇಳಿದ್ದರಂತೆ. ಇದೆ, ಆದರೆ ಎಲ್ಲ ಫೌಜಿಗೆ ಹೋಗುತ್ತದೆ, ನಮ್ಮಲ್ಲಿ ಮುಗಿದಿದೆ, ಸಿಕಂದರಾಬಾದಿನಲ್ಲಿ ಸಿಕ್ಕರೆ ಸಿಗಬಹುದು ಎಂದು ಡಾಕ್ಟರು ಹೇಳಿದ್ದರು. ನೋಟ್‌ಬುಕ್ಕಿನಲ್ಲಿ ಮಾತ್ರೆಯ ಹೆಸರು ಬರೆಸಿಕೊಂಡು ಹೊರಟವರು, ವಾಡಿಯಲ್ಲಿ ಗಾಡಿ ಬದಲಿಸಿ ಸಿಕಂದರಾಬಾದು ಮುಟ್ಟಿ, ಅಲ್ಲಿ ಹಳೆಯ ಶಿಷ್ಯನೊಬ್ಬನನ್ನು ಹುಡುಕಿ, ಅವನ ಮೂಲಕ ಇನ್ನೊಬ್ಬನನ್ನು ಹುಡುಕಿ, ಸಂಪಾದಿಸಿಕೊಂಡು ಬಂದಿದ್ದರು. ಇದನ್ನೆಲ್ಲ ಕಂಪೌಂಡರು ನಮಗೆ ಹೇಳಿದ. ಉಸ್ತಾದರು ಹೇಳಿದ್ದು ಒಂದೇ ಮಾತು, ಅದೂ ಅವ್ವ ಅವರ ಬರಿಗಾಲನ್ನು ನೋಡುತ್ತಿದ್ದುದರಿಂದ.

"ವಾಡಿ ಸ್ಟೇಷನ್ನಾಗ ಹೋತು," ಎಂದರು.

ಅವ್ವ ಎದ್ದು ಮೂಲೆಯ ಕೊಡದಿಂದ ನೀರು ಬಗ್ಗಿಸಿದಳು. ದವಾಖಾನೆಯ ಕೊಡ ಅದು, ನೀರು ಸ್ವಚ್ಛವಾಗಿಯೇ ಇತ್ತು. ಆದರೂ ಸೆರಗನ್ನು ಎರಡು ಪದರು ಮಾಡಿ ಲೋಟದ ಬಾಯಿಗೆ ಹಿಡಿದು ಸೋಸಿದಳು. "ಕುಡೀರಿ," ಎಂದು ಕೊಟ್ಟಳು. ಉಸ್ತಾದರು ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಅದರೊಳಗೆ ನೋಡಿದರು, ಆಮೇಲೆ ಕುಡಿದರು.

ಶನಿವಾರ ಮುಂಜಾನೆ ಡಾಕ್ಟರು ಬಂದು ಹೊದಿಕೆ ಸರಿಸಿದರು. ಕೆಂಪು ಮೂರನೆಯ ಗೆರೆಯ ಈಚೆ ಒಂದು ಬೆರಳು ದೂರದಲ್ಲಿ ನಿಂತಿತ್ತು. ಅವರು ಬಹಳ ಹೊತ್ತು ನೋಡಿ, ಇವತ್ತು ಬೇಡ, ನಾಳೆ ನೋಡೋಣ ಎಂದರು. ಭಾನುವಾರ ಅದು ಎರಡು ಬೆರಳು ದೂರವಿತ್ತು. ಸೋಮವಾರ ಮೂರು.

"ದಿನಕ್ಕ ಒಂದು ಬೆರಳು ಇಳೀಲಿ, ಸಾಕು. ಅವಸರ ಮಾಡಬ್ಯಾಡ," ಎಂದು ಮಲ್ಲಟದವನು ನನಗೆ ಎಚ್ಚರಿಕೆ ಕೊಟ್ಟ, ಇಳಿಸುವುದು ನನ್ನ ಕೈಯಲ್ಲಿದೆಯೋ ಎಂಬಂತೆ. ಈ ಸಲ ನಾನು ಭಾಗಾಕಾರ ಮಾಡಲಿಲ್ಲ.

ಪಂದ್ಯ ನಡೆಯಿತು. ನಾಲ್ವರಿಲ್ಲದ ತಂಡ ಆಡಿತು. ಎಷ್ಟು ಗೋಲಿನಿಂದ ಸೋತೆವು ಎಂಬುದನ್ನು ಉಸ್ತಾದರು ನನಗೆ ಹೇಳಲಿಲ್ಲ. ಕೇಳುವ ಮನಸ್ಸು ನನಗೂ ಇರಲಿಲ್ಲ. ಗಾಯ ಆರಲು, ಒಳಗಿನ ಹುಳು ಚೂರುಚೂರಾಗಿ ಬೀಳಲು ಎರಡು ತಿಂಗಳು ಹಿಡಿಯಿತು. ಹರಡು ಬಿಗಿಯಾಗಿಯೇ ಉಳಿಯಿತು, ಇಂದಿಗೂ ಮಡಚುವುದಿಲ್ಲ.

ನಡೆಯಬಹುದು ಎಂದು ಡಾಕ್ಟರು ಹೇಳಿದ ದಿನ ಉಸ್ತಾದರು ಬಂದಿದ್ದರು. ವಾರ್ಡಿನ ಬಾಗಿಲಿನಿಂದ ಅಂಗಳದ ಬೇವಿನ ಗಿಡದವರೆಗೆ ಹೋಗಬೇಕು. ಹಿಂದೆ ನನಗೆ ಅದು ನಾಲ್ಕು ನೆಗೆತದ ದಾರಿ. ಕೋಲು ಹಿಡಿದು ಹೊಸ್ತಿಲು ದಾಟುವಾಗ ಟಿಕ್ ಎಂಬ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಉಸ್ತಾದರು ರೂಢಿಯ ಪ್ರಕಾರ ಸ್ಟಾಪ್‌ವಾಚು ಒತ್ತಿದ್ದರು. ಅವರಿಗೇ ಅದು ಗೊತ್ತಿದ್ದಂತೆ ಕಾಣಲಿಲ್ಲ. ವರಾಂಡದ ಬೆಂಚಿನವರು ಮಾತು ನಿಲ್ಲಿಸಿ ನೋಡಿದರು. ನಡುವೆ ಎರಡು ಸಲ ನಿಂತೆ. ಗಿಡ ಮುಟ್ಟಿದೆ. ಮತ್ತೆ ಟಿಕ್.

"ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್," ಎಂದು ಗಂಭೀರವಾಗಿ ಸಾರಿ ಬರೆದುಕೊಂಡರು. "ನಾಳೆ ಇದನ್ನ ಮುರೀಬೇಕು."

ಗಿಡಕ್ಕೆ ಒರಗಿಕೊಂಡು, ಉಸಿರು ತಿರುಗಿದ ಮೇಲೆ, ನಾನು ಹೇಳಿದೆ: "ಉಸ್ತಾದ್, ಹುಳ ಎಳದಾಂವ ನಾನ."

"ಗೊತ್ತದ. ಅವತ್ತ ನಾ ಮಾನ್ವಿಯಾಗಿದ್ದೆ. ಅಲ್ಲಿಂದ ಎಷ್ಟು ಕೈ ಚಾಚಿದ್ರೂ ನಿನ ಕಾಲಿನ ತನಕ ಬರ್ತಿದ್ದಿಲ್ಲ."

"ಮತ್ತ ಯಾಕ ಒಪ್ಕೊಂಡ್ರಿ?"

"ನಿಮ್ಮವ್ವಗ ಅವತ್ತ ಯಾರಿಗರ ಬೈಯಬೇಕಾಗಿತ್ತು. ನೀ ಮಲಗಿದ್ದಿ. ನಾ ನಿಂತಿದ್ದೆ." ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಅದೂ ಅಲ್ದ, ನುಂಗು ಅಂದಾಂವ ಯಾರಲೇ ಬೀರಪ್ಪಾ?"

ಊರಿಗೆ ಹೋದ ಮೇಲೆ ಅವ್ವನ ಮುಂದೆಯೂ ಒಪ್ಪಿಕೊಂಡೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಎಳೆದವನು ನಾನೇ ಎಂದು ತಾಯಮ್ಮ ಅವತ್ತೇ ಹೇಳಿದ್ದಳಂತೆ. ಹಾಗಾದರೆ ಉಸ್ತಾದರಿಗೆ ಯಾಕೆ ಬೈದೆ ಎಂದು ಕೇಳಿದೆ.

"ಮತ್ತ, ನನ ಮಗ ಸುಳ್ಳ ಅಂತ ದವಾಖಾನಿ ಮಂದಿ ಮುಂದ ಹೇಳ್ಲೇನು?" ಎಂದು ಇನ್ನೊಂದು ರೊಟ್ಟಿ ತಟ್ಟಿದಳು. ಪ್ರತಿ ವರ್ಷ ಹೊಸ ಜೋಳ ಬಂದಾಗ ಒಂದು ಚೀಲ ಮಾನ್ವಿಗೆ ಹೋಗುವುದು ಅಂದಿನಿಂದ ಆರಂಭವಾಯಿತು. ಅದಕ್ಕೆ ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ.

ನಾನು ಮತ್ತೆ ಚೆಂಡು ಒದೆಯಲಿಲ್ಲ. ಉಳಿದ ಒಂದೇ ಮಾರ್ಗವಾದ ಓದನ್ನು ಹಿಡಿದೆ, ಮಾಸ್ತರನಾದೆ, ಮಕ್ಕಳನ್ನು ಕುಳಿತಲ್ಲಿ ಕೂಡಿಸುವ ಕೆಲಸವನ್ನು ಮೂವತ್ತು ವರ್ಷ ಮಾಡಿದೆ. ಉಸ್ತಾದರು ತೀರಿಕೊಂಡಾಗ ಮಾನ್ವಿಗೆ ಹೋಗಿದ್ದೆ. ಬಾವಿಯ ಮೆಟ್ಟಿಲಿಗೆ ಯಾವಾಗಲೋ ಕಲ್ಲಿನ ಗೋಡೆ ಕಟ್ಟಿಸಿ, ಮೇಲಿನಿಂದ ಹಗ್ಗದಲ್ಲಿ ಸೇದುವ ಹಾಗೆ ಮಾಡಿದ್ದರು. ಕಟ್ಟಿಸಿದವರು ಯಾರೆಂದು ಕೇಳುವ ಅಗತ್ಯ ಬೀಳಲಿಲ್ಲ. ಅವರ ಮಗಳು ಕಪ್ಪು ರಟ್ಟಿನ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. ಉರ್ದು ಓದಬಲ್ಲ ಶಿಷ್ಯರು ಅಷ್ಟರಲ್ಲಿ ಕಡಿಮೆಯಾಗಿದ್ದರು.

ಟಾಂಗಾ ಇತ್ತು, ಕೋಟೆಗುಡ್ಡ ಇತ್ತು. ಮೆಟ್ಟಿಲು ಬಾವಿಯ ಪುಟವನ್ನು, ನನ್ನ ಇಪ್ಪತ್ತೊಂದರ ಸಮೇತ, ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಬರಹವಿದ್ದ ಕಡೆಯ ಪುಟದಲ್ಲಿ ಎರಡೇ ನಮೂದು. ಕೆಳಗಿನದು ನನ್ನದು: ಬಾಗಿಲಿನಿಂದ ಬೇವಿನ ಗಿಡ, ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಮೇಲಿನದನ್ನು ಎರಡು ಸಲ ಓದಿದೆ.

ವಾಡಿ ಸ್ಟೇಷನ್. ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿ. ಓಡಿದವನು: ಮಹಬೂಬ. ಸಮಯ: ನೋಡಲಿಲ್ಲ. ಗಾಡಿ ಸಿಕ್ಕಿತು.